ವಿಜಾಪುರದ ‘ಜಗದ್ಗುರು’ ಬಾದಶಹ

ವಿಜಾಪುರದ ಆದಿಲಶಾಹಿಯ ಹೆಸರನ್ನು ಎತ್ತಿದೊಡನೆ ನಮ್ಮ ಗಡಿಭಾಗದ ಶಾಲೆಯ ಮಕ್ಕಳ ಕಣ್ಣೆದುರಿಗೆ ಬಂದು ನಿಲ್ಲುವವನು ಅಫಜಲಖಾನನೊಬ್ಬನೇ. ಅದು ಸಹಜವೂ ಹೌದು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ನಾಲ್ಕನೆಯ ಇಯತ್ತೆಯಲ್ಲಿ ಶ್ರೀ ಶಿವಾಜಿ ಮಹಾರಾಜರ ಚರಿತ್ರೆಯನ್ನು ಓದುತ್ತ ಬಂದಿದ್ದಾರೆ. ೧೬೫೯ರ ಪ್ರತಾಪಗಡದ ಪ್ರಸಂಗವು ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುವ ಪಾಠ. ಆದರೆ ಆ ಪಾಠವು ಮುಗಿದ ಮೇಲೆ ಮಗುವಿನ ಮನಸ್ಸಿನಲ್ಲಿ ವಿಜಾಪುರವೆಂದರೆ ಬರಿಯ ಒಂದು ಶತ್ರುವಿನ ಊರಾಗಿ ಉಳಿದುಬಿಡುತ್ತದೆ. ಮಿರಜದಿಂದ ಜತ್ತದ ಮೇಲೆ ಹಾಯ್ದು ಹೋಗುವ ಹಾದಿಯ ಕೊನೆಗಿರುವ ಆ ಊರು, ಈಗ ವಿಜಯಪುರವೆಂದು ಕರೆಯಿಸಿಕೊಳ್ಳುವ ಆ ಊರು, ಸುಮಾರು ಇನ್ನೂರು ವರ್ಷ ನಮ್ಮ ಸೀಮೆಯ ರಾಜಧಾನಿಯಾಗಿತ್ತೆಂಬುದನ್ನೂ, ಶಿವಾಜಿ ಮಹಾರಾಜರು ಹುಟ್ಟುವ ಮೂರು ವರ್ಷ ಮೊದಲು, ಎಂದರೆ ೧೬೨೭ರಲ್ಲಿ, ಅಲ್ಲಿ ತೀರಿಕೊಂಡ ಒಬ್ಬ ದೊರೆಯು ಸರಸ್ವತಿಯನ್ನು ತಾಯಿಯೆಂದು ಕರೆದು ಹಾಡುಗಳನ್ನು ಕಟ್ಟಿದ್ದನೆಂಬುದನ್ನೂ ನಾವು ಮಕ್ಕಳಿಗೆ ಹೇಳದಿದ್ದರೆ ಬೇರೆ ಯಾರು ಹೇಳಬೇಕು? ಆ ದೊರೆಯ ಹೆಸರು ಎರಡನೆಯ ಇಬ್ರಾಹೀಮ ಆದಿಲಶಾಹ. ಜನರು ಅವನನ್ನು ‘ಜಗದ್ಗುರು’ ಎಂದು ಕರೆದರು.

ಅವನ ಕಥೆಯನ್ನು ಮಿರಜದಿಂದಲೇ ಆರಂಭಿಸಬಹುದು. ಇಬ್ರಾಹೀಮನ ದೊಡ್ಡಪ್ಪನಾದ ಮೊದಲನೆಯ ಅಲಿ ಆದಿಲಶಾಹನನ್ನು ಅವನ ತಂದೆಯು ಸಂಶಯದಿಂದ ಮಿರಜದ ಕೋಟೆಯಲ್ಲಿ ಕಾವಲಿನಲ್ಲಿ ಇರಿಸಿದ್ದನು. ೧೫೫೮ರ ಸುಮಾರಿಗೆ ತಂದೆಯು ತೀರಿಕೊಂಡಾಗ ಅಲಿಯನ್ನು ಮೊದಲು ಬಾದಶಹನೆಂದು ಸಾರಿದ್ದು ಮಿರಜದಲ್ಲಿ. ಅಲ್ಲಿಂದ ಹೊರಟು ಅವನು ವಿಜಾಪುರದ ಗಾದಿಯನ್ನು ಏರಿದನು. ೧೫೬೫ರಲ್ಲಿ ವಿಜಯನಗರವನ್ನು ಕೆಡವಿದ ಕಾಳಗದಲ್ಲಿ ಕೂಡಿದ ಸುಲ್ತಾನರಲ್ಲಿ ಈತನೂ ಒಬ್ಬನು. ಅಲಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನಾದ ತಹಮಾಸ್ಪನ ಮಗ ಇಬ್ರಾಹೀಮನನ್ನೇ ತನ್ನ ಉತ್ತರಾಧಿಕಾರಿಯೆಂದು ಅವನು ಗೊತ್ತುಮಾಡಿದ್ದನು. ೧೫೮೦ರಲ್ಲಿ ಅಲಿಯು ತನ್ನ ಅರಮನೆಯಲ್ಲಿಯೇ ಕೊಲೆಯಾದನು. ಒಂಬತ್ತು ವರ್ಷದ ಹುಡುಗನು ಗಾದಿಗೆ ಬಂದನು. ನಮ್ಮ ಶಾಲೆಯ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕನೆಯ ಇಯತ್ತೆಯ ವಯಸ್ಸು.

ಹುಡುಗ ಬಾದಶಹನ ಹೆಸರಿನಲ್ಲಿ ಬೇರೆಯವರು ಆಳುವ ದೊಂಬರಾಟವು ಹತ್ತು ವರ್ಷ ನಡೆಯಿತು. ಅಲಿಯ ವಿಧವೆ ಚಾಂದಬೀಬಿಯ ಮೇಲೆ ಮಗುವನ್ನು ಬೆಳೆಸುವ ಹೊಣೆ ಬಿದ್ದಿತು. ಆಕೆ ಅಹಮದನಗರದ ನಿಜಾಮಶಾಹಿಯ ಮಗಳು. ಕುದುರೆ ಏರಬಲ್ಲವಳು, ಕಡತವನ್ನೂ ಓದಬಲ್ಲವಳು. ಮೊದಲು ಕಾರಭಾರವನ್ನು ವಹಿಸಿದ ಕಾಮಿಲಖಾನನು ಮದದಿಂದ ಮೆರೆದು ತಲೆ ಕಳೆದುಕೊಂಡನು. ಅವನ ಸ್ಥಳಕ್ಕೆ ಬಂದ ಕಿಶ್ವರಖಾನನು ಚಾಂದಬೀಬಿಯನ್ನೇ ಹಿಡಿದು ಸಾತಾರೆಯ ಕೋಟೆಗೆ ಸಾಗಹಾಕಿದನು. ಊರ ಜನವೂ ಸೈನ್ಯವೂ ಅವನ ಮೇಲೆ ತಿರುಗಿಬಿದ್ದ ಮೇಲೆ ಹಬಶಿ ಸರದಾರ ಇಖಲಾಸಖಾನನು ಮುಂದೆ ಬಂದನು, ಚಾಂದಬೀಬಿ ಹಿಂದಿರುಗಿದಳು. ಬಳಿಕ ಮತ್ತೊಬ್ಬ ಹಬಶಿ ಸರದಾರ ದಿಲಾವರಖಾನನು ಇಖಲಾಸಖಾನನ ಕಣ್ಣು ಕೀಳಿಸಿ ತಾನೇ ಸರ್ವಾಧಿಕಾರಿಯಾದನು. ಅವನ ಆಳ್ವಿಕೆ ೧೫೯೦ರ ವರೆಗೆ ನಡೆಯಿತು. ಗಟ್ಟಿಗನಾದರೂ ದಿಲಾವರಖಾನನು ಬಾದಶಹನು ಬೆಳೆಯುತ್ತಿದ್ದಾನೆಂಬುದನ್ನು ಮರೆತನು. ಇಪ್ಪತ್ತರ ಹತ್ತಿರದ ಇಬ್ರಾಹೀಮನು ಕೆಲವು ಸರದಾರರೊಡನೆ ಗುಟ್ಟಾಗಿ ಮಾತಾಡಿ ಒಂದು ರಾತ್ರಿ ಡೇರೆಯಿಂದ ಹೊರಬಿದ್ದು ಅವರ ದಂಡನ್ನು ಸೇರಿಕೊಂಡನು. ಸರ್ವಾಧಿಕಾರಿಯು ಅಹಮದನಗರಕ್ಕೆ ಓಡಿದನು. ಮುಂದೆ ಅವನು ಮರಳಿ ಕೈಗೆ ಸಿಕ್ಕಾಗ ಬಾದಶಹನು ಅವನ ಕಣ್ಣುಗಳನ್ನು ತೆಗೆಯಿಸಿ ಸಾತಾರೆಯ ಸೆರೆಗೆ ಅಟ್ಟಿದನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮುಂದೆ ನಾವು ಇವನ ಸಂಗೀತವನ್ನೂ ಸಮದೃಷ್ಟಿಯನ್ನೂ ಹೊಗಳಲಿದ್ದೇವೆ. ಆದುದರಿಂದ ಕಣ್ಣು ಕೀಳಿಸಿದ ಈ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ೧೫೯೪ರಲ್ಲಿ ಬೆಳಗಾವಿಯ ಕೋಟೆಯಲ್ಲಿ ಇರಿಸಲ್ಪಟ್ಟಿದ್ದ ಅವನ ತಮ್ಮ ಇಸ್ಮಾಯಿಲನು ದಂಗೆಯೆದ್ದನು. ಹಿರಿಯ ಸರದಾರ ಐನುಲಮುಲ್ಕನೂ ಅವನ ಕಡೆಗೆ ವಾಲಿದನು. ದಂಗೆ ಅಡಗಿತು, ಐನುಲಮುಲ್ಕನೂ ಉಳಿಯಲಿಲ್ಲ, ತಮ್ಮನೂ ಉಳಿಯಲಿಲ್ಲ. ಆ ಕಾಲದ ಅರಸುಮನೆಗಳಲ್ಲಿ ತಮ್ಮನೆಂದರೆ ನಾಳೆಯ ವೈರಿ. ಇಬ್ರಾಹೀಮನು ಆ ಕಾಲಕ್ಕಿಂತ ಬೇರೆಯಾದ ಮಣ್ಣಿನಿಂದ ಮಾಡಲ್ಪಟ್ಟವನಲ್ಲ.

ಚಾಂದಬೀಬಿಯು ಇಷ್ಟರಲ್ಲಿ ತವರಾದ ಅಹಮದನಗರಕ್ಕೆ ಹೋಗಿದ್ದಳು. ೧೫೯೫-೯೬ರಲ್ಲಿ ಅಕಬರನ ಸೈನ್ಯವು ಮುತ್ತಿದಾಗ ಆಕೆ ಕೋಟೆಯ ಗೋಡೆಯ ಮೇಲೆ ನಿಂತು ಹೋರಾಡಿದ ಕಥೆಯು ಎಲ್ಲರಿಗೂ ಗೊತ್ತಿದೆ. ೧೬೦೦ರಲ್ಲಿ ಆಕೆ ತನ್ನವರ ಕೈಯಿಂದಲೇ ಸತ್ತಳು. ಅಹಮದನಗರದ ಕೋಟೆಯು ಮೊಗಲರ ಪಾಲಾಯಿತು. ವಿಜಾಪುರದ ಅಂಗಳಕ್ಕೆ ಮೊಗಲರ ನೆರಳು ಬಿದ್ದದ್ದು ಅಂದಿನಿಂದ. ಸಾಕಿದ ತಾಯಿಗೆ ಇಬ್ರಾಹೀಮನು ದಂಡನ್ನು ಕಳಿಸಿದ್ದುಂಟು. ಆದರೆ ಆ ನೆರವಿನಿಂದ ಗೆಲವು ಸಾಧಿಸಲಿಲ್ಲ.

ಇನ್ನು ಅವನ ಸಂಗೀತದ ಮಾತು. ಅರಸರು ಗಾಯಕರನ್ನು ಸಾಕುವುದು ಹೊಸದಲ್ಲ. ತಾನೇ ಹಾಡು ಕಟ್ಟಿ, ರಾಗವನ್ನು ಗೊತ್ತುಪಡಿಸಿ, ಪುಸ್ತಕ ಮಾಡಿಸಿದ ಬಾದಶಹನು ಅಪರೂಪ. ಇಬ್ರಾಹೀಮನ ಪುಸ್ತಕದ ಹೆಸರು ‘ಕಿತಾಬೆ ನವರಸ’. ಅದು ದಖನಿ ಭಾಷೆಯಲ್ಲಿದೆ. ೫೯ ಹಾಡುಗಳೂ ೧೭ ದೋಹೆಗಳೂ ಅದರಲ್ಲಿವೆ. ಪ್ರತಿಯೊಂದು ಹಾಡಿನ ತಲೆಗೆ ರಾಗದ ಹೆಸರಿದೆ. ಭೂಪಾಲಿ, ಭೈರವ, ಆಸಾವರಿ, ತೋಡಿ, ಮಲ್ಹಾರ, ಕಲ್ಯಾಣ, ಕೇದಾರ ಇವುಗಳ ಜೊತೆಗೆ ನಮ್ಮ ನಾಡಿನ ಹೆಸರನ್ನೇ ಹೊತ್ತ ಕಾನಡವೂ ಇದೆ. ಸರಸ್ವತಿಯ ಸ್ತುತಿ, ಗಣಪತಿಯ ವರ್ಣನೆ, ಪೈಗಂಬರರ ಸ್ಮರಣೆ, ಕಲಬುರ್ಗಿಯ ಬಂದೇನವಾಜರ ಮೇಲಿನ ಭಕ್ತಿ ಇವೆಲ್ಲ ಒಂದೇ ಪುಸ್ತಕದಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ತನ್ನ ಹೆಂಡತಿ ಚಾಂದಸುಲ್ತಾನಾಳನ್ನೂ, ತನ್ನ ಆನೆ ಆತಶಖಾನನನ್ನೂ, ತನ್ನ ತಂಬೂರಿಯನ್ನೂ ಅವನು ಹಾಡಿನಲ್ಲಿ ನೆನೆಯುತ್ತಾನೆ. ತಂಬೂರಿಗೆ ಅವನು ಇಟ್ಟ ಹೆಸರು ‘ಮೋತಿಖಾನ’. ಮನುಷ್ಯನಿಗೆ ಕೊಡುವ ಬಿರುದನ್ನು ಗಿಡದ ಕಾಯಿಗೂ ತಂತಿಗೂ ಕೊಟ್ಟ ದೊರೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಮಿರಜದ ಓಣಿಯಲ್ಲಿ ಕುಂಬಳದ ಬುರುಡೆಗೆ ಮೆರುಗು ಕೊಡುತ್ತ ಕುಳಿತ ತಂಬೂರಿ ಕಾರಾಗೀರರನ್ನು ನೋಡಿದ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಬೇಗ ತಿಳಿಯುತ್ತದೆ. ಮಿರಜದ ವಾದ್ಯಗಳ ಕಸಬು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದನ್ನು ಇಬ್ರಾಹೀಮನ ಲೆಕ್ಕಕ್ಕೆ ಹಾಕುವುದು ಸರಿಯಾಗದು. ಆದರೂ ಮೋತಿಖಾನನ ಹೆಸರನ್ನು ಹೇಳಿದಾಗ ಮಕ್ಕಳು ನಕ್ಕು, ನಕ್ಕ ಮೇಲೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ.

‘ನವರಸ’ವೆಂಬ ಶಬ್ದದ ಮೇಲೆ ಅವನಿಗೆ ಒಂದು ಬಗೆಯ ಹುಚ್ಚೇ ಇದ್ದಿತು. ಸಂಸ್ಕೃತದಲ್ಲಿ ಒಂಬತ್ತು ರಸಗಳು. ಪಾರಸಿಯಲ್ಲಿ ‘ಹೊಸದಾಗಿ ಬಂದದ್ದು’ ಎಂಬ ಅರ್ಥ. ಎರಡು ಭಾಷೆಗಳಲ್ಲಿಯೂ ಸಿಹಿಯಾಗಿ ಕೂಡುವ ಈ ಶಬ್ದವನ್ನು ಪುಸ್ತಕಕ್ಕೆ ಇಟ್ಟನು, ಮುದ್ರೆಗೆ ಇಟ್ಟನು, ಹಬ್ಬಕ್ಕೆ ಇಟ್ಟನು; ೧೫೯೯ರಲ್ಲಿ ವಿಜಾಪುರದ ಪಶ್ಚಿಮಕ್ಕೆ ತೊರವೆಯ ಬಳಿ ಒಂದು ಹೊಸ ಪಟ್ಟಣವನ್ನೇ ಕಟ್ಟಲು ಹಿಡಿದು ಅದಕ್ಕೂ ‘ನವರಸಪುರ’ವೆಂದು ಹೆಸರಿಟ್ಟನು. ತೊರವೆಯ ಹೆಸರು ಕನ್ನಡಿಗರಿಗೆ ಬೇರೊಂದು ಕಾರಣದಿಂದ ಪೂಜ್ಯವಾದದ್ದು. ‘ತೊರವೆ ರಾಮಾಯಣ’ವನ್ನು ಬರೆದ ಕುಮಾರ ವಾಲ್ಮೀಕಿಯ ಊರು ಅದು, ಆತನ ಆರಾಧ್ಯದೈವವಾದ ನರಸಿಂಹನ ಗುಡಿ ಅಲ್ಲಿದೆ. ಕನ್ನಡದ ಕವಿ ರಾಮಾಯಣವನ್ನು ಹಾಡಿದ ನೆಲದ ಮೇಲೆ ದಖನಿಯ ಬಾದಶಹನು ಸಂಗೀತಕ್ಕಾಗಿ ಊರು ಕಟ್ಟಿದ ಈ ಕಾಕತಾಳೀಯವು ಎಷ್ಟು ಸಲ ನೆನೆದರೂ ನಮಗೆ ಬೇಸರ ತಂದಿಲ್ಲ. ಅರಮನೆಗಳು, ಸರದಾರರ ವಾಡೆಗಳು, ಪೇಟೆ, ಗಾಯಕರ ಮನೆಗಳು ಎದ್ದವು. ಸಂಗೀತಮಹಾಲಿನ ಎತ್ತರದ ಕಮಾನು ಇಂದಿಗೂ ಹೊಲಗಳ ನಡುವೆ ನಿಂತಿದೆ.

ಅವನ ದರಬಾರಿಗೆ ದೂರದೂರದವರು ಬಂದರು. ೧೫೮೯ರಲ್ಲಿ ಅಹಮದನಗರದಿಂದ ಬಂದ ಫಿರಿಸ್ತನು ಇವನ ಆಶ್ರಯದಲ್ಲಿಯೇ ತನ್ನ ದೊಡ್ಡ ಇತಿಹಾಸವನ್ನು ಬರೆದನು. ನಾವು ಇಂದು ಬಹಮನಿ, ಆದಿಲಶಾಹಿಗಳ ಬಗೆಗೆ ಹೇಳುವ ಮಾತುಗಳಲ್ಲಿ ಬಹುಪಾಲು ಅವನ ಲೇಖಣಿಯಿಂದ ಬಂದವು. ಇರಾಣದ ಕವಿ ಜಹೂರಿಯು ‘ಕಿತಾಬೆ ನವರಸ’ಕ್ಕೆ ಪಾರಸಿಯಲ್ಲಿ ಪೀಠಿಕೆಯನ್ನು ಬರೆದನು. ಚಿತ್ರಕಾರ ಫರ್ರುಖ ಬೇಗನು ಬಾದಶಹನನ್ನು ತಂಬೂರಿ ಹಿಡಿದವನಂತೆ ಬರೆದನು. ಹಾಲೆಂಡದ ಕೊರ್ನೆಲಿಸ್ ಹೆಡಾ ಎಂಬ ಚಿತ್ರಕಾರನು ಪ್ರಾಗದ ಚಕ್ರವರ್ತಿಯ ಊಳಿಗವನ್ನು ಬಿಟ್ಟು ಅಲೆದಲೆದು ೧೬೧೦ರ ಹೊತ್ತಿಗೆ ವಿಜಾಪುರವನ್ನು ಸೇರಿ ಅಲ್ಲಿಯೇ ಕೊನೆಯುಸಿರೆಳೆದನು. ಆ ಕಾಲದ ಚಿತ್ರಗಳಲ್ಲಿ ಇಬ್ರಾಹೀಮನನ್ನು ನೋಡಬೇಕು: ಎತ್ತರದ ಟೊಪ್ಪಿಗೆ, ತೆಳುವಾದ ದುಪ್ಪಟಿ, ಕೊರಳಲ್ಲಿ ರುದ್ರಾಕ್ಷಿಯ ಸರ, ಒಂದು ಚಿತ್ರದಲ್ಲಿ ಕೈಯಲ್ಲಿ ಕರತಾಳ. ಕತ್ತಿಯು ಕಾಣುವುದೇ ಕಡಿಮೆ.

ಅಕಬರನು ಕಳಿಸಿದ ರಾಯಭಾರಿ ಅಸದಬೇಗನು ೧೬೦೩-೦೪ರಲ್ಲಿ ವಿಜಾಪುರಕ್ಕೆ ಬಂದನು. ಬಾದಶಹನ ಮಗಳನ್ನು ಅಕಬರನ ಮಗ ದಾನಿಯಾಲನಿಗೆ ಕೊಡುವ ಮಾತು ನಡೆದಿತ್ತು. ಇಬ್ರಾಹೀಮನಿಗೆ ಈ ಬೀಗತನವು ಬೇಕಿರಲಿಲ್ಲ. ಇಂದು ನಾಳೆ ಎಂದು ದಿನ ತಳ್ಳಿದನು. ಕೊನೆಗೆ ಮದುವಣಗಿತ್ತಿಯ ಮೆರವಣಿಗೆಯು ಹೊರಟಿತು. ಜೊತೆಗೆ ಹೋದವರಲ್ಲಿ ಫಿರಿಸ್ತನೂ ಇದ್ದನು. ಗೋದಾವರಿಯ ದಂಡೆಯ ಪೈಠಣದಲ್ಲಿ ಮದುವೆಯಾಯಿತು. ಮರುವರ್ಷವೇ ದಾನಿಯಾಲನು ಕುಡಿದು ಕುಡಿದು ಸತ್ತನು. ಆ ಹುಡುಗಿಯ ಪಾಡನ್ನು ಯಾವ ಇತಿಹಾಸಕಾರನೂ ವಿಸ್ತರಿಸಿ ಬರೆದಿಲ್ಲ. ಅಸದಬೇಗನು ವಿಜಾಪುರದ ಪೇಟೆಯನ್ನು ಕಂಡು ಬೆರಗಾಗಿ ಬರೆದಿದ್ದಾನೆ: ಅಗಲವಾದ ಬೀದಿ, ಇಕ್ಕೆಲಗಳಲ್ಲಿ ಬಟ್ಟೆಯ, ರತ್ನದ, ಸುಗಂಧದ, ತಿಂಡಿಯ ಅಂಗಡಿಗಳು. ಅವನು ಅಲ್ಲಿ ಒಂದು ಹೊಸ ವಸ್ತುವನ್ನು ಕಂಡನು. ಅದು ತಂಬಾಕು. ಉತ್ತರದಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಚಂದದ ಒಂದು ಚಿಲುಮೆಯನ್ನೂ ಒಂದಿಷ್ಟು ತಂಬಾಕನ್ನೂ ಕೊಂಡುಹೋಗಿ ಅಕಬರನ ಮುಂದೆ ಇಟ್ಟನು. ಬಾದಶಹನು ಎರಡು ಗುಟುಕು ಎಳೆಯುವಷ್ಟರಲ್ಲಿ ವೈದ್ಯರು ಬೇಡವೆಂದರು. ನಿಪ್ಪಾಣಿಯ ತಂಬಾಕಿನ ವಾಸನೆಯಲ್ಲಿ ಬೆಳೆದ ನಮ್ಮ ಸೀಮೆಯವರಿಗೆ ಈ ಪ್ರಸಂಗವು ರುಚಿಸದೆ ಇರದು. ಅಕಬರನ ವೈದ್ಯರ ಮಾತನ್ನು ಮಾತ್ರ ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಆಡಳಿತದ ಒಂದು ಸಂಗತಿಯನ್ನು ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕು. ಇವನ ಅಜ್ಜ ಮೊದಲನೆಯ ಇಬ್ರಾಹೀಮನು ಕಂದಾಯದ ಲೆಕ್ಕಪತ್ರಗಳಿಂದ ಪಾರಸಿಯನ್ನು ತೆಗೆದು ದೇಶಭಾಷೆಯನ್ನು ತಂದಿದ್ದನು. ಅದರಿಂದ ಬ್ರಾಹ್ಮಣ ಕಾರಕೂನರಿಗೆ ದಫ್ತರದ ಬಾಗಿಲು ತೆರೆಯಿತು. ಅಲಿಯು ಅದನ್ನು ತಿರುಗಿಸಿ ಪಾರಸಿಯನ್ನು ಮರಳಿ ತಂದನು. ಮೊಮ್ಮಗನು ಮತ್ತೆ ಅಜ್ಜನ ದಾರಿಯನ್ನು ಹಿಡಿದನು. ದರಬಾರಿನ ಭಾಷೆ ಯಾವುದೇ ಇರಲಿ, ಊರಿನ ಗೌಡನಿಗೂ ಕುಲಕರ್ಣಿಗೂ ತಿಳಿಯುವ ಮಾತಿನಲ್ಲಿ ಲೆಕ್ಕವಿರಬೇಕೆಂಬ ತಿಳಿವಳಿಕೆ ಇದು. ಇದನ್ನು ಔದಾರ್ಯವೆಂದು ಕೆಲವರು ಹೊಗಳುತ್ತಾರೆ. ನಮಗೆ ಇದು ಔದಾರ್ಯಕ್ಕಿಂತ ವ್ಯವಹಾರಜ್ಞಾನವೆಂದು ತೋರುತ್ತದೆ. ತೆರಿಗೆಯು ಸರಿಯಾಗಿ ಕೂಡಬೇಕಾದರೆ ತೆರುವವನ ಭಾಷೆಯು ಬರಬೇಕಲ್ಲವೆ? ಆದರೂ ಇಂತಹ ವ್ಯವಹಾರಜ್ಞಾನವು ಎಲ್ಲ ಸರಕಾರಗಳಿಗೂ ಎಲ್ಲ ಕಾಲಕ್ಕೂ ಇರುವುದಿಲ್ಲವೆಂಬುದನ್ನು ಗಡಿಭಾಗದ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಆ ದಫ್ತರಗಳ ಕಾಲದ ಶಬ್ದಗಳು ನಮ್ಮ ನಾಲಿಗೆಯಲ್ಲಿ ಹಾಗೆಯೇ ಉಳಿದಿವೆ. ರೈತ, ಜಮೀನು, ವಸೂಲಿ, ಕಾಗದ, ಶಾಯಿ. ‘ದಫ್ತರ’ವಂತೂ ನಮ್ಮ ಕಡೆಯ ಮಕ್ಕಳ ಬೆನ್ನ ಮೇಲೆಯೇ ಇದೆ.

ಅವನು ಹಿಂದೂವೋ ಮುಸಲ್ಮಾನನೋ ಎಂದು ನಮ್ಮ ತರಗತಿಯಲ್ಲಿ ಒಬ್ಬ ಹುಡುಗನು ಕೇಳಿದ್ದುಂಟು. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅವನು ಮುಸಲ್ಮಾನನು; ಕೊನೆಯ ವರೆಗೂ ಮುಸಲ್ಮಾನನಾಗಿಯೇ ಇದ್ದನು. ಮಸೀದಿಗಳನ್ನು ಕಟ್ಟಿಸಿದನು, ಸೂಫಿ ಸಂತರಿಗೆ ನಡೆದುಕೊಂಡನು, ಅವನ ಗೋರಿಯ ಗೋಡೆಗಳ ತುಂಬ ಕುರಾನಿನ ವಾಕ್ಯಗಳನ್ನು ಕೆತ್ತಲಾಗಿದೆ. ವಿದ್ಯೆಯ ಅಧಿದೇವತೆಯೆಂದು ಈ ನೆಲದ ಜನ ಯಾರನ್ನು ಕರೆಯುತ್ತಿದ್ದರೋ ಅವಳನ್ನೇ ಅವನೂ ಕರೆದನು. ಎರಡರ ನಡುವೆ ಅವನಿಗೆ ಜಗಳ ಕಾಣಿಸಲಿಲ್ಲ. ದರಬಾರಿನ ಕೆಲವು ಮುಲ್ಲಾಗಳಿಗೆ ಕಾಣಿಸಿತು, ಅವರು ಗೊಣಗಿದರು. ವಿಜಾಪುರದ ಒಳಕೋಟೆಯ ಬಳಿಯ ನರಸಿಂಹ ಸರಸ್ವತಿಯ ಪಾದುಕೆಗಳಿಗೆ ಅವನು ನಡೆದುಕೊಳ್ಳುತ್ತಿದ್ದನೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ನಮ್ಮ ಮಿರಜದ ಹತ್ತಿರದ ನರಸೋಬನ ವಾಡಿಯಲ್ಲಿಯೂ ಅಂತಹದೇ ಒಂದು ಐತಿಹ್ಯ ಉಂಟು: ವಿಜಾಪುರದ ಬಾದಶಹನೊಬ್ಬನು ತನ್ನ ಮಗಳಿಗೆ ಕಣ್ಣು ಬಂದ ಸಂತೋಷಕ್ಕೆ ಅಲ್ಲಿಯ ದತ್ತನ ಗುಡಿಯನ್ನು ಕಟ್ಟಿಸಿ ಉಂಬಳಿ ಕೊಟ್ಟನಂತೆ, ಗುಡಿಗೆ ಶಿಖರವಿಲ್ಲದಿರುವುದನ್ನು ಜನ ಅದಕ್ಕೆ ಸಾಕ್ಷಿಯೆಂದು ತೋರಿಸುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಬೇಕು. ಕಣ್ಣು ಕೀಳಿಸುವ ಅರಸರ ಮನೆತನದ ಬಗೆಗೆ ಕಣ್ಣು ಬಂದ ಕಥೆಯನ್ನು ಜನ ಕಟ್ಟಿಕೊಂಡಿದ್ದಾರೆಂಬುದೇ ಒಂದು ಸೋಜಿಗ.

ಇದೇ ಕಾಲದಲ್ಲಿ ಯುರೋಪ ಖಂಡದ ಉತ್ತರದ ಡೆನ್ಮಾರ್ಕಿನಲ್ಲಿ ನಾಲ್ಕನೆಯ ಕ್ರಿಶ್ಚಿಯನ್ ಎಂಬ ದೊರೆ ಆಳುತ್ತಿದ್ದನು. ಅವನೂ ೧೫೮೮ರಲ್ಲಿ, ಹನ್ನೊಂದು ತುಂಬುವ ಮೊದಲೇ ಗಾದಿಗೆ ಬಂದನು. ೧೫೯೬ರ ವರೆಗೆ ಸರದಾರರ ಮಂಡಲಿಯು ಅವನ ಹೆಸರಿನಲ್ಲಿ ಆಳಿತು. ಅವನಿಗೂ ಸಂಗೀತದ ಹುಚ್ಚು. ಇಂಗ್ಲಂಡದ ಹೆಸರಾಂತ ವಾದಕ ಜಾನ್ ಡೌಲಂಡನನ್ನು ಹೆಚ್ಚಿನ ಸಂಬಳ ಕೊಟ್ಟು ಕರೆಯಿಸಿಕೊಂಡನು. ಅವನಿಗೂ ಊರು ಕಟ್ಟುವ ಹುಚ್ಚು. ಬೆಂಕಿಗೆ ಸುಟ್ಟುಹೋದ ಓಸ್ಲೊ ನಗರವನ್ನು ೧೬೨೪ರಲ್ಲಿ ಹೊಸದಾಗಿ ಕಟ್ಟಿಸಿ ತನ್ನ ಹೆಸರನ್ನೇ ಅದಕ್ಕೆ ಇಟ್ಟನು. ೧೬೨೦ರಲ್ಲಿ ಇವನ ಹಡಗುಗಳು ಕೋರಮಂಡಲದ ತೀರವನ್ನು ಮುಟ್ಟಿ, ತಂಜಾವೂರಿನ ರಘುನಾಥ ನಾಯಕನೊಡನೆ ಕರಾರು ಮಾಡಿಕೊಂಡು ತರಂಗಂಬಾಡಿಯಲ್ಲಿ ಕೋಟೆ ಹಾಕಿದವು. ಅದು ೧೮೪೫ರ ವರೆಗೆ ಡೇನರ ಕೈಯಲ್ಲಿ ಇದ್ದಿತು. ಮುಂದೆ ಬೇರೆಯವರ ಯುದ್ಧಕ್ಕೆ ತಲೆ ಕೊಟ್ಟು ೧೬೨೬ರಲ್ಲಿ ಜರ್ಮನಿಯ ಲುಟ್ಟರ್ ಎಂಬಲ್ಲಿ ಸೋತು, ತನ್ನ ನಾಡನ್ನು ಶತ್ರುಸೈನ್ಯಕ್ಕೆ ತೆರೆದಿಟ್ಟನು. ಇಬ್ರಾಹೀಮನೂ ಅವನೂ ಒಬ್ಬರನ್ನೊಬ್ಬರು ಕಂಡವರಲ್ಲ, ಪತ್ರ ಬರೆದವರಲ್ಲ. ಆದರೆ ಸೋಲಿನ ಮಾದರಿಯು ಇಬ್ಬರದೂ ಒಂದೇ.

ಇಬ್ರಾಹೀಮನು ೧೬೧೯ರಲ್ಲಿ ಬೀದರದ ಬರೀದಶಾಹಿಯನ್ನು ಮುಗಿಸಿ ಆ ನಾಡನ್ನು ತನ್ನದಕ್ಕೆ ಕೂಡಿಸಿಕೊಂಡನು. ರಾಜ್ಯವು ಮೇಲುಮೇಲಕ್ಕೆ ಬೆಳೆಯುತ್ತಿದ್ದಿತು. ಉತ್ತರದಲ್ಲಿ ಮೊಗಲರನ್ನು ತಡೆದು ನಿಲ್ಲಿಸಿದ್ದವನು ಅಹಮದನಗರದ ಹಬಶಿ ಮಂತ್ರಿ ಮಲಿಕಂಬರನು. ಗುಲಾಮನಾಗಿ ಬಂದು, ನಿಜಾಮಶಾಹಿಯ ಮುರುಕು ಗಾದಿಗೆ ಬೆನ್ನು ಕೊಟ್ಟು, ಮರಾಠಾ ಕುದುರೆಸವಾರರನ್ನು ಕೂಡಿಸಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದಿಲ್ಲಿಯನ್ನು ದಣಿಸಿದ ಈ ಮನುಷ್ಯನು ದಖ್ಖನದ ಬಾಗಿಲಿಗೆ ಅಗುಳಿಯಂತಿದ್ದನು. ಅಗುಳಿಯು ತನಗೆ ಚುಚ್ಚುತ್ತದೆಂದು ಇಬ್ರಾಹೀಮನು ಮೊಗಲರ ಜೊತೆಗೆ ಕೂಡಿದನು. ಇದು ಅವನ ಆಳ್ವಿಕೆಯ ದೊಡ್ಡ ತಪ್ಪೆಂದು ನಾವು ಎಣಿಸುತ್ತೇವೆ. ೧೬೨೪ರಲ್ಲಿ ಅಹಮದನಗರದ ಹತ್ತಿರದ ಭಾತವಡಿಯಲ್ಲಿ ಮಲಿಕಂಬರನು ಮೊಗಲ ಮತ್ತು ವಿಜಾಪುರದ ಕೂಡುಸೈನ್ಯವನ್ನು ಮುರಿದನು. ವಿಜಾಪುರದ ಸೇನಾನಿ ಮುಲ್ಲಾ ಮಹಮ್ಮದ ಲಾರಿಯು ಅಲ್ಲಿಯೇ ಬಿದ್ದನು. ಆ ಕಾಳಗದಲ್ಲಿ ಮಲಿಕಂಬರನ ಕಡೆಯಿಂದ ಹೋರಾಡಿದವರಲ್ಲಿ ಶಹಾಜಿ ರಾಜೇ ಭೋಸಲೆಯೂ ಇದ್ದನು. ಮುಂದೆ ೧೬೨೫ರ ಸುಮಾರಿಗೆ ಅಂಬರನೊಡನೆ ಮನಸ್ತಾಪ ಬಂದು ಅವನು ಇಬ್ರಾಹೀಮನ ಚಾಕರಿಗೆ ಸೇರಿಕೊಂಡನು. ಶಿವಾಜಿ ಮಹಾರಾಜರ ತಂದೆಗೂ ವಿಜಾಪುರಕ್ಕೂ ಮೊದಲ ಗಂಟು ಬಿದ್ದದ್ದು ಹೀಗೆ; ಪ್ರತಾಪಗಡದ ಪಾಠವನ್ನು ಹೇಳುವಾಗ ಇದನ್ನೂ ಒಂದು ಮಾತು ಸೇರಿಸಿದರೆ ಆ ಪಾಠಕ್ಕೆ ಕುಂದೇನೂ ಬರುವುದಿಲ್ಲ.

ಗೆದ್ದ ಮಲಿಕಂಬರನು ನೇರವಾಗಿ ವಿಜಾಪುರದ ಮೇಲೆ ಬಂದನು. ಕೋಟೆಯ ಬಾಗಿಲುಗಳು ಮುಚ್ಚಿದವು. ನವರಸಪುರವು ಕೋಟೆಯ ಹೊರಗಿತ್ತು; ಅದರ ಸುತ್ತುಗೋಡೆಯು ಪೂರ್ತಿಯಾಗಿರಲಿಲ್ಲ. ಶತ್ರುವಿನ ದಂಡು ಅದನ್ನು ಸುಲಿದು ಹಾಳುಗೆಡವಿತು. ಇಪ್ಪತ್ತೈದು ವರ್ಷ ಕಟ್ಟಿದ ಸಂಗೀತದ ಊರು ಕೆಲವು ದಿನಗಳಲ್ಲಿ ಹೋಯಿತು. ಮತ್ತೆ ಅದು ಏಳಲಿಲ್ಲ. ಅದೇ ೧೬೨೪ರಲ್ಲಿ ಕ್ರಿಶ್ಚಿಯನ್ ದೊರೆಯ ಹೊಸ ಪಟ್ಟಣಕ್ಕೆ ಅಡಿಗಲ್ಲು ಬಿದ್ದಿತ್ತು. ಅದು ಇಂದು ನಾರ್ವೆ ದೇಶದ ರಾಜಧಾನಿ. ನಮ್ಮ ತೊರವೆಯಲ್ಲಿ ಜೋಳದ ಹೊಲಗಳಿವೆ.

ಇಷ್ಟೆಲ್ಲ ಕಟ್ಟಡಕ್ಕೂ ಹಾಡಿಗೂ ಹೊನ್ನು ಎಲ್ಲಿಂದ ಬಂದಿತು? ೧೫೬೫ರ ಮೇಲೆ ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರಿನ ಫಲವತ್ತಾದ ನೆಲವು ವಿಜಾಪುರದ ಕೈಗೆ ಗಟ್ಟಿಯಾಗಿ ಬಂದಿದ್ದಿತು. ಗೋವೆಯು ೧೫೧೦ರಲ್ಲಿಯೇ ಪೋರ್ತುಗೀಜರ ಪಾಲಾಗಿದ್ದರೂ ಕೊಂಕಣದ ದಾಭೋಳದಂತಹ ಬಂದರುಗಳು ಉಳಿದಿದ್ದವು. ಕುದುರೆ, ಬಟ್ಟೆ, ಮೆಣಸಿನ ಸುಂಕವು ಬರುತ್ತಿದ್ದಿತು. ಉಳಿದದ್ದು ರೈತನ ಕಣದಿಂದ. ನಮ್ಮ ಕೃಷ್ಣೆಯ ದಂಡೆಯ ರೈತನೂ ಅದರಲ್ಲಿ ಸೇರಿದ್ದನೆಂಬುದನ್ನು ಮರೆಯಬಾರದು. ದಂಡು ಹಾಯ್ದ ಊರುಗಳ ಬೆಳೆಯು ಯಾವ ಪಕ್ಷದ ಕುದುರೆಗಳ ಹೊಟ್ಟೆಗೆ ಹೋಯಿತೆಂದು ಜಹೂರಿಯ ಪೀಠಿಕೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಊರ ಜನರಿಗೂ ಒಂದು ಪಾಲು ದೊರೆಯಿತು. ೧೬೨೦ರಲ್ಲಿ ರಾಣಿ ತಾಜಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ ತಾಜಬಾವಡಿಯು ಬಾವಿಯೆಂದರೆ ಬಾವಿ, ಕೆರೆಯೆಂದರೆ ಕೆರೆ. ದೊಡ್ಡ ಕಮಾನಿನ ಕೆಳಗೆ ಮೆಟ್ಟಿಲಿಳಿದು ಹೋಗಬೇಕು. ಅದೇ ರಾಣಿಗಾಗಿ ಆರಂಭಿಸಿದ ಗೋರಿಯು ೧೬೨೬ರಲ್ಲಿ ಮುಗಿಯಿತು. ಅದೇ ಇಬ್ರಾಹೀಮ ರೋಜಾ. ಕಟ್ಟಿಸಿದ ಶಿಲ್ಪಿ ಮಲಿಕ ಸಂದಲನ ಹೆಸರನ್ನೂ, ತಗುಲಿದ ವೆಚ್ಚ ಸುಮಾರು ಒಂದೂವರೆ ಲಕ್ಷ ಹೊನ್ನೆಂಬುದನ್ನೂ ಕಲ್ಲಿನ ಮೇಲೆಯೇ ಬರೆಯಿಸಿದ್ದಾರೆ. ಖರ್ಚಿನ ಲೆಕ್ಕವನ್ನು ಗೋರಿಯ ಮೇಲೆ ಬರೆಯಿಸಿದ ಈ ಪದ್ಧತಿಯು ನಮಗೆ ಬಹಳ ಮೆಚ್ಚಿಗೆಯಾದದ್ದು. ಒಳಗಿನ ಕೋಣೆಯ ಮೇಲ್ಛಾವಣಿಯು ೪೦ ಅಡಿ ಚೌಕದ ಚಪ್ಪಟೆಯಾದ ಕಲ್ಲಿನ ಹಾಸು. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಕಲ್ಲುಗಳ ಅಂಚಿಗೆ ಗಾರೆಯ ಹಿಡಿತವೊಂದೇ ಆಧಾರ. ಗೋಳಗುಮ್ಮಟದ ಗಾತ್ರಕ್ಕೆ ಬೆರಗಾಗುವವರು ಈ ಛಾವಣಿಯ ಕೆಳಗೂ ತುಸು ಹೊತ್ತು ತಲೆಯೆತ್ತಿ ನಿಲ್ಲಬೇಕೆಂದು ನಮ್ಮ ವಿನಂತಿ.

ರೋಜಾ ಮುಗಿದ ಮರುವರ್ಷ, ೧೬೨೭ರಲ್ಲಿ, ಇಬ್ರಾಹೀಮನು ತೀರಿಕೊಂಡನು. ನಲವತ್ತೇಳು ವರ್ಷದ ಆಳ್ವಿಕೆ. ಹಿರಿಯ ಮಗ ದರವೇಶನಿಗೆ ಗಾದಿಯು ಬರಬೇಕಾಗಿತ್ತು. ದರಬಾರಿನ ಸರದಾರರು ಹದಿನೈದು ವರ್ಷದ ಕಿರಿಯನಾದ ಮಹಮ್ಮದನನ್ನು ಕೂರಿಸಿ ಹಿರಿಯನ ಕಣ್ಣುಗಳನ್ನು ಕೀಳಿಸಿದರು. ಆ ಮಹಮ್ಮದನೇ ಗೋಳಗುಮ್ಮಟವನ್ನು ಕಟ್ಟಿಸಿದವನು. ಅವನ ಕಾಲಕ್ಕೆ ರಾಜ್ಯವು ತಂಜಾವೂರಿನ ಸೀಮೆಯ ವರೆಗೆ ಹಬ್ಬಿತು. ೧೬೮೬ರಲ್ಲಿ ಔರಂಗಜೇಬನು ಬಂದು ಎಲ್ಲವನ್ನೂ ಮುಗಿಸಿದನು. ಇಬ್ರಾಹೀಮನ ಹಾಡುಗಳು ಕೈಬರಹದ ಪ್ರತಿಗಳಲ್ಲಿ ಊರೂರು ಚದರಿಹೋದವು. ಪಂಡಿತ ನಜೀರ ಅಹಮದರು ಅವನ್ನು ಹೋಲಿಸಿ ನೋಡಿ ೧೯೫೬ರಲ್ಲಿ ದಿಲ್ಲಿಯಲ್ಲಿ ಅಚ್ಚು ಹಾಕಿಸಿದರು. ಅದೇ ವರ್ಷ ಭಾಷಾವಾರು ಪ್ರಾಂತಗಳ ಗೆರೆಗಳನ್ನು ಎಳೆದು ವಿಜಾಪುರವನ್ನು ಒಂದು ಕಡೆಗೂ ನಮ್ಮ ಮಿರಜದ ಸೀಮೆಯನ್ನು ಇನ್ನೊಂದು ಕಡೆಗೂ ಮಾಡಿದರು.

ನಮ್ಮ ಶಾಲೆಗಳ ಸಹಲುಗಳು ವಿಜಾಪುರಕ್ಕೆ ಹೋಗುವುದು ವಾಡಿಕೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ, ಮಲಿಕ-ಇ-ಮೈದಾನ ತೋಫನ್ನು ಮುಟ್ಟಿ, ಸಂಜೆಯ ಬಸ್ಸು ಹಿಡಿಯುವುದರಲ್ಲಿ ದಿನವು ಹೋಗಿಬಿಡುತ್ತದೆ. ಶಿಕ್ಷಕಬಂಧುಗಳು ಒಂದು ಗಂಟೆಯನ್ನು ರೋಜಾಕ್ಕೆ ಉಳಿಸಬೇಕು. ಅಲ್ಲಿ ಆರು ಗೋರಿಗಳು ಸಾಲಾಗಿವೆ. ರಾಣಿ ತಾಜಸುಲ್ತಾನಾ, ಇಬ್ರಾಹೀಮನ ತಾಯಿ, ಇಬ್ರಾಹೀಮ, ಮಗಳು, ಮತ್ತೆ ಇಬ್ಬರು ಗಂಡುಮಕ್ಕಳು. ಆ ಇಬ್ಬರಲ್ಲಿ ಒಬ್ಬನು ಕಣ್ಣು ಕಳೆದುಕೊಂಡ ದರವೇಶನು. ಸಮಯವಿದ್ದರೆ ತೊರವೆಗೂ ಹೋಗಿ, ನರಸಿಂಹನ ಗುಡಿಯನ್ನು ನೋಡಿ, ಅಲ್ಲಿಂದ ಸಂಗೀತಮಹಾಲಿಗೆ ನಡೆಯಬೇಕು. ಅದಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ನೆರಳು ಕಡಿಮೆ, ಮಕ್ಕಳ ಬುತ್ತಿಯ ಜೊತೆಗೆ
ಕುಡಿಯುವ ನೀರನ್ನೂ ಒಯ್ಯತಕ್ಕದ್ದು.